ತೆಳು ನೆಗೆಟಿವ್ ಮತ್ತು ಕಾಲಕಾಲದ ಕಾಗದ

ತೆಳು ನೆಗೆಟಿವ್ ಬಗ್ಗೆ ಕಪ್ಪು-ಬಿಳುಪು ಛಾಯಾಗ್ರಹಣದ ಕೈಪಿಡಿಗಳ ತೀರ್ಪು ಸಾಮಾನ್ಯವಾಗಿ ಚುಟುಕು: ಫಿಲ್ಮಿಗೆ ಬೆಳಕು ಸಾಲಲಿಲ್ಲ, ನೆರಳಿನಲ್ಲಿ ಹುಡುಕಲು ಏನೂ ಉಳಿದಿಲ್ಲ. ಈ ಮಾತು ಅರ್ಧ ನಿಜ. ಮಿಕ್ಕರ್ಧ ತಿಳಿಯಬೇಕಾದರೆ ನೆಗೆಟಿವನ್ನು ಪಕ್ಕಕ್ಕಿಟ್ಟು, ಅದನ್ನು ಪ್ರಿಂಟು ಹಾಕುತ್ತಿದ್ದ ಕಾಗದದ ಚರಿತ್ರೆಯನ್ನು ನೋಡಬೇಕು. 1850ರಲ್ಲಿ ಬ್ಲಾಂಕಾರ್-ಎವ್ರಾರ್ ಬಳಕೆಗೆ ತಂದ ಅಲ್ಬುಮೆನ್ ಕಾಗದ, ಅಂದರೆ ಮೊಟ್ಟೆಯ ಬಿಳಿ ಸವರಿದ ಕಾಗದ, ಬಿಸಿಲಿನಲ್ಲೇ ಕಪ್ಪಾಗುವಂಥದು. ಕಪ್ಪಾದ ಜಾಗ ತನಗೆ ತಾನೇ ಮರೆಯಾಗಿ ಇನ್ನಷ್ಟು ಬೆಳಕನ್ನು ತಡೆಯುವುದರಿಂದ ಚಿತ್ರ ಬಲು ಮೆದುವಾಗಿ ಮೂಡುತ್ತಿತ್ತು. ಅದಕ್ಕೆ ಸರಿಹೊಂದಲು ನೆಗೆಟಿವ್‌ನ ಅತಿ ತೆಳು ಭಾಗಕ್ಕೂ ಅತಿ ದಟ್ಟ ಭಾಗಕ್ಕೂ ಬೆಳಕು ಹಾಯುವುದರಲ್ಲಿ ಹೆಚ್ಚುಕಡಿಮೆ ನೂರು ಪಟ್ಟು ಅಂತರ ಬೇಕು. ಇಪ್ಪತ್ತನೆಯ ಶತಮಾನದ ಗ್ರೇಡ್ 2 ಕಾಗದಕ್ಕೆ, ಅಂದರೆ ಸಾಧಾರಣ ಕಾಂಟ್ರಾಸ್ಟಿನ ಕಾಗದಕ್ಕೆ, ಹತ್ತು ಪಟ್ಟು ಸಾಕು. ಅತಿ ಹಾರ್ಡ್, ಅಂದರೆ ಕಾಂಟ್ರಾಸ್ಟನ್ನು ತುಂಬ ಹಿಗ್ಗಿಸುವ ಕಾಗದಕ್ಕೆ ನಾಲ್ಕೈದು ಪಟ್ಟು. ಅಲ್ಬುಮೆನ್ ಕಾಲದವರು ತೆಳುವೆಂದು ಎಸೆದಿರಬಹುದಾದ ಎಷ್ಟೋ ಗಾಜಿನ ನೆಗೆಟಿವ್‌ಗಳು ಅವರ ಮೊಮ್ಮಕ್ಕಳ ಕೈಗೆ ಸಿಕ್ಕಿದ್ದರೆ ಒಳ್ಳೆಯ ನೆಗೆಟಿವ್‌ಗಳೇ ಆಗುತ್ತಿದ್ದವು.

ಇದಕ್ಕೆ ಸಾಕ್ಷಿ ಆ ಕಾಲದಲ್ಲೇ ಇದೆ. 1851ರಲ್ಲಿ ಫ್ರೆಡರಿಕ್ ಸ್ಕಾಟ್ ಆರ್ಚರ್ ಪ್ರಕಟಿಸಿದ ಕೊಲೋಡಿಯನ್ ವಿಧಾನದಲ್ಲಿ ಗಾಜು ತೆಳುವಾಗಿ ಬಂದರೆ ಪೈರೋ ಎಂಬ ಡೆವಲಪರ್ ಮತ್ತು ಬೆಳ್ಳಿಯ ದ್ರಾವಣ ಹೊಯ್ದು ದಟ್ಟವಾಗಿಸುವುದು ದಿನನಿತ್ಯದ ಕೆಲಸವಾಗಿತ್ತು. ಬೇಕೆಂದೇ ತೆಳುವಾಗಿ ಬಿಟ್ಟು, ಹಿಂದೆ ಕಪ್ಪು ಬಟ್ಟೆಯನ್ನೋ ಅರಗನ್ನೋ ಕೊಟ್ಟರೆ ಅದೇ ಗಾಜು ಪಾಸಿಟಿವ್ ಚಿತ್ರವಾಗಿ ಕಾಣುತ್ತಿತ್ತು. 1854ರಲ್ಲಿ ಅಮೆರಿಕದ ಜೇಮ್ಸ್ ಆಂಬ್ರೋಸ್ ಕಟಿಂಗ್ ಇಂಥ ಚಿತ್ರಗಳಿಗೆ ಪೇಟೆಂಟ್ ಪಡೆದ. ಅವು ಆಂಬ್ರೊಟೈಪ್ ಎನಿಸಿಕೊಂಡವು. ಕಾಗದ ಗುರುತಿಸದ ತೆಳು ಬೆಳ್ಳಿಯನ್ನು ಕಣ್ಣು ಗುರುತಿಸಿತು ಎಂದಾಯಿತು. ಚಿತ್ರವನ್ನು ಮೂಡಿಸುವ ಬೆಳ್ಳಿ ಅಲ್ಲಿ ಇದ್ದೇ ಇತ್ತು.

ಆದರೆ ಬೆಳ್ಳಿಯೇ ಇಲ್ಲದಿದ್ದರೆ? ಆಕ್ಷೇಪ ಗಟ್ಟಿಯಾದದ್ದು, ಅದನ್ನು ಎತ್ತಿದವರೂ ಗಟ್ಟಿಗರು. ಇಂಗ್ಲೆಂಡಿನ ವಿಡ್ನೆಸ್‌ನ ಕ್ಷಾರ ಕಾರ್ಖಾನೆಯ ಲೋಕದಿಂದ ಬಂದ ರಸಾಯನಜ್ಞ ಫರ್ಡಿನಂಡ್ ಹರ್ಟರ್ ಮತ್ತು ಎಂಜಿನಿಯರ್ ವೆರೊ ಡ್ರಿಫೀಲ್ಡ್ 1890ರಲ್ಲಿ ತಮ್ಮ ಅಳತೆಗಳನ್ನು ಪ್ರಕಟಿಸಿದರು. ಡೆವಲಪ್ ಮಾಡುವ ಕೈಚಳಕದಿಂದ ಏನನ್ನಾದರೂ ಹೊರತೆಗೆಯಬಹುದೆಂಬ ಅಂದಿನ ನಂಬಿಕೆಗೆ ಅದು ಪೆಟ್ಟು ಕೊಟ್ಟಿತು. ನೆರಳಿನ ಅಳತೆಯನ್ನು ಗೊತ್ತುಮಾಡುವುದು ಎಕ್ಸ್‌ಪೋಷರ್. ಡೆವಲಪರ್ ಹಿಗ್ಗಿಸುವುದು ಮುಖ್ಯವಾಗಿ ಕಾಂಟ್ರಾಸ್ಟನ್ನು. ಇದನ್ನು ಅಲ್ಲಗಳೆಯುವಂತಿಲ್ಲ. ಆದರೆ ತೆಳುತನ ಎರಡು ಬಗೆಯದು. ಬೆಳಕೇ ಬೀಳದ ನೆರಳು ಬರಿಯ ಫಿಲ್ಮು, ಅದರ ಕಥೆ ಮುಗಿಯಿತು. ಬೆಳಕು ಬಿದ್ದು ಡೆವಲಪ್ ಸಾಲದೆ ತೆಳುವಾದದ್ದು ಕೇವಲ ಕಾಂಟ್ರಾಸ್ಟ್ ಕಡಿಮೆಯಾದ ಚಿತ್ರ. ಅದು ಕಾಗದದ ಕೈಯಲ್ಲಿದೆ. ಹಲವರು ಎಡವುವುದು ಇಲ್ಲಿ: ನೆರಳು ಕಪ್ಪಾಯಿತೆಂದು ಪ್ರಿಂಟಿನ ಎಕ್ಸ್‌ಪೋಷರ್ ಇಳಿಸುತ್ತಾರೆ. ಆಗ ಕಪ್ಪು ಬೂದಿಯಾಗುತ್ತದೆ, ವಿವರ ಬರುವುದಿಲ್ಲ. ವಿವರವೆಂದರೆ ಪಕ್ಕಪಕ್ಕದ ಎರಡು ಕಪ್ಪುಗಳ ನಡುವಿನ ವ್ಯತ್ಯಾಸ. ಅದನ್ನು ಹಿಗ್ಗಿಸುವುದು ಹಾರ್ಡ್ ಕಾಗದ. ಲಿಯೋ ಬೇಕ್‌ಲ್ಯಾಂಡ್ 1899ರಲ್ಲಿ ಈಸ್ಟ್‌ಮನ್‌ಗೆ ಮಾರಿದ ವೆಲಾಕ್ಸ್‌ನಂಥ ಗ್ಯಾಸ್‌ಲೈಟ್ ಕಾಗದಗಳು, ಆಮೇಲಿನ ಗ್ರೇಡುಗಳು, 1940ರಲ್ಲಿ ಇಲ್ಫರ್ಡ್ ತಂದ ಮಲ್ಟಿಗ್ರೇಡ್, ಎಲ್ಲವೂ ಕಾಂಟ್ರಾಸ್ಟಿನ ಹತೋಟಿಯನ್ನು ಕತ್ತಲಕೋಣೆಗೆ ತಂದವು. ಹಾರ್ಡ್ ಕಾಗದದಲ್ಲಿ ಬೆಳಕಿನ ಭಾಗ ಸುಟ್ಟುಹೋಗದೇ ಎಂದು ಕೇಳಬಹುದು. ದಟ್ಟ ನೆಗೆಟಿವ್‌ನಲ್ಲಿ ಹೌದು. ತೆಳು ನೆಗೆಟಿವ್‌ನಲ್ಲಿ ಬೆಳಕಿನ ಭಾಗವೂ ತೆಳುವೇ. ಕಣ ಮತ್ತು ಧೂಳು ಎದ್ದು ಕಾಣುವುದು ಮಾತ್ರ ನಿಜವಾದ ತೆರಿಗೆ.

35 ಮಿ.ಮೀ. ಫಿಲ್ಮು ಬಂದ ಮೇಲೆ ತೆಳುವಿಗೆ ಮರ್ಯಾದೆಯೂ ಬಂತು, ಏಕೆಂದರೆ ದಟ್ಟ ನೆಗೆಟಿವನ್ನು ಹಿಗ್ಗಿಸಿದರೆ ಕಣ ದಪ್ಪವಾಗುತ್ತಿತ್ತು. 1960ರಲ್ಲಿ ಫಿಲ್ಮಿನ ವೇಗವನ್ನು ಗೊತ್ತುಮಾಡುವ ಅಮೆರಿಕದ ಎಎಸ್‌ಎ ಮಾನದಂಡ ತಿದ್ದುಪಡಿಯಾದಾಗ, ತಪ್ಪು ಎಕ್ಸ್‌ಪೋಷರಿಗೆಂದು ಮೊದಲು ಇಟ್ಟುಕೊಂಡಿದ್ದ ಮುಂಜಾಗ್ರತೆಯ ಬಹುಭಾಗವನ್ನು ಕಿತ್ತುಹಾಕಿದರು. ವೇಗ 200 ಎಂದಿದ್ದ ಟ್ರೈ-ಎಕ್ಸ್ ಫಿಲ್ಮು 400 ಆಯಿತು. ಫಿಲ್ಮು ಅದೇ, ಎಕ್ಸ್‌ಪೋಷರ್ ಮಾತ್ರ ಅರ್ಧ! ನಿನ್ನೆಯ ತಪ್ಪು ಇಂದಿನ ಡಬ್ಬದ ಮೇಲಿನ ಸೂಚನೆಯಾಗಿ ಅಚ್ಚಾಯಿತು. ನೆರಳನ್ನು ಕಾಯುತ್ತಿದ್ದ ಮುಂಜಾಗ್ರತೆಯೂ ಅದರೊಂದಿಗೇ ಹೋಯಿತೆಂಬ ಗೊಣಗಾಟದಲ್ಲಿ ಹುರುಳಿದೆ.

ಹಾಗಾದರೆ ಕಾಗದವೊಂದೇ ಸಾಕೇ? ಛಾಯಾಗ್ರಾಹಕ ಆನ್ಸೆಲ್ ಆಡಮ್ಸ್‌ಗೆ ಸಾಲಲಿಲ್ಲ. 1941ರಲ್ಲಿ ನ್ಯೂ ಮೆಕ್ಸಿಕೋದ ಹರ್ನಾಂಡೆಜ್‌ನಲ್ಲಿ ಚಂದ್ರನಿದ್ದ ದೃಶ್ಯವೊಂದನ್ನು ತೆಗೆಯುವಾಗ ಬೆಳಕಿನ ಮೀಟರು ಕೈಗೆ ಸಿಗದೆ, ಚಂದ್ರನ ಪ್ರಕಾಶದ ಲೆಕ್ಕವನ್ನು ನೆನಪಿನಿಂದ ಹಿಡಿದು ಎಕ್ಸ್‌ಪೋಷರ್ ಕೊಟ್ಟಿದ್ದರು. ಶಿಲುಬೆಗಳೂ ಪೊದೆಗಳೂ ಇದ್ದ ಮುನ್ನೆಲ ತೆಳುವಾಯಿತು. ಪ್ರಿಂಟು ಹಾಕುವುದು ವರ್ಷಗಟ್ಟಲೆ ತಲೆನೋವಾಗಿ, 1948ರಲ್ಲಿ ನೆಗೆಟಿವ್‌ನ ಕೆಳಭಾಗವನ್ನಷ್ಟೇ ಕೊಡಕ್ ಐಎನ್-5 ದ್ರಾವಣದಲ್ಲಿ ಅದ್ದಿದರು. ಈ ದ್ರಾವಣ ಇರುವ ಬೆಳ್ಳಿಯ ಮೇಲೆ ಅದರ ಪ್ರಮಾಣಕ್ಕೆ ತಕ್ಕಂತೆ ಬೆಳ್ಳಿ ಕೂರಿಸುತ್ತದೆ, ಇಲ್ಲದಲ್ಲಿ ಏನೂ ಮಾಡಲಾರದು. ಹರ್ನಾಂಡೆಜ್‌ನ ಪೊದೆಗಳಲ್ಲಿ ಬೆಳ್ಳಿ ಇತ್ತು, ಆದ್ದರಿಂದ ಅವು ಬಿಡಿಬಿಡಿಯಾಗಿ ಕಂಡವು. ಆಗಲೂ ಕೈಕೆಲಸ ಮುಗಿಯಲಿಲ್ಲ: ಆ ಒಂದೇ ನೆಗೆಟಿವ್‌ನ ಆರಂಭದ ಪ್ರಿಂಟುಗಳಲ್ಲಿ ಆಕಾಶ ಬೂದು, ಮೋಡಗಳು ಸ್ಪಷ್ಟ, ದಶಕಗಳ ನಂತರದವುಗಳಲ್ಲಿ ಆಕಾಶ ಹೆಚ್ಚುಕಡಿಮೆ ಕಪ್ಪು.