ತೆಳ್ಳಗಿನ ಮೈಯೊಳಗಿನ ಕೊಬ್ಬು

2004ರಲ್ಲಿ ವೈದ್ಯಕೀಯ ಪತ್ರಿಕೆ 'ಲ್ಯಾನ್ಸೆಟ್' ಇಬ್ಬರು ವೈದ್ಯರ ಚಿತ್ರವನ್ನು ಅಕ್ಕಪಕ್ಕದಲ್ಲಿ ಅಚ್ಚು ಹಾಕಿತು. ಒಬ್ಬರು ಲಂಡನ್ನಿನ ಜಾನ್ ಯುಡ್ಕಿನ್, ಇನ್ನೊಬ್ಬರು ಪುಣೆಯ ಚಿತ್ತರಂಜನ್ ಯಾಜ್ಞಿಕ್. ಇಬ್ಬರ ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಅಳತೆ) ಒಂದೇ: 22.3. ನೋಡುವುದಕ್ಕೂ ಇಬ್ಬರೂ ತೆಳ್ಳಗೆ. ಆದರೆ ಯುಡ್ಕಿನ್ ಅವರ ಮೈಯಲ್ಲಿ ಕೊಬ್ಬು ಶೇ. 9.1, ಯಾಜ್ಞಿಕ್ ಅವರ ಮೈಯಲ್ಲಿ ಶೇ. 21.2. ತೂಕದ ಯಂತ್ರ ಭಾರತೀಯರ ವಿಷಯದಲ್ಲಿ ಏನನ್ನು ಮರೆಮಾಚುತ್ತದೆ ಎಂಬುದನ್ನು ಆ ಒಂದು ಪುಟದಷ್ಟು ಸರಳವಾಗಿ ಬೇರೆ ಯಾವ ಪ್ರಬಂಧವೂ ಹೇಳಿಲ್ಲ.

ಯಾಜ್ಞಿಕ್ ಆಕ್ಸ್‌ಫರ್ಡಿನಲ್ಲಿ ತರಬೇತಿ ಪಡೆದು 1980ರ ದಶಕದಲ್ಲಿ ಪುಣೆಯ ಕೆಇಎಂ ಆಸ್ಪತ್ರೆಗೆ ಬಂದವರು. ಸಕ್ಕರೆ ಕಾಯಿಲೆ ದಪ್ಪಗಿರುವ, ವಯಸ್ಸಾದವರ ಕಾಯಿಲೆ ಎಂದು ಪಠ್ಯಪುಸ್ತಕಗಳು ಹೇಳುತ್ತಿದ್ದವು. ಅವರ ಮುಂದೆ ಬಂದು ಕೂರುತ್ತಿದ್ದವರು ಎಳೆಯ ವಯಸ್ಸಿನವರು, ಕೈಕಾಲು ಸಣ್ಣ, ಹೊಟ್ಟೆ ಮಾತ್ರ ಮುಂದೆ ಬಂದವರು. ಯೂರೋಪಿನ ಅಳತೆಗೋಲು ಈ ಮೈಗೆ ಹೊಂದುತ್ತಿರಲಿಲ್ಲ.

ಇಂಥ ಕಾಯಿಲೆಗಳ ಕಾರಣ ಹುಡುಕುವ ಕೆಲಸ ಮೊದಲೇ ಶುರುವಾಗಿತ್ತು. ಬರಗಾಲಗಳನ್ನು ದಾಟಿ ಉಳಿದ ಜನರಲ್ಲಿ ಕೊಬ್ಬು ಕೂಡಿಡುವ ವಂಶವಾಹಿಗಳು ಬೇರೂರಿರಬೇಕು ಎಂದು 1962ರಲ್ಲಿ ಅಮೆರಿಕದ ಜೇಮ್ಸ್ ನೀಲ್ ಊಹಿಸಿದ್ದರು. ಇಂಗ್ಲೆಂಡಿನ ಸೌತಾಂಪ್ಟನ್ನಿನ ಡೇವಿಡ್ ಬಾರ್ಕರ್ ಬೇರೆ ದಾರಿ ಹಿಡಿದರು. ಹರ್ಟ್‌ಫರ್ಡ್‌ಶೈರಿನ ದಾದಿಯರು 1911ರಿಂದ ಬರೆದಿಟ್ಟಿದ್ದ ಶಿಶುಗಳ ತೂಕದ ಲೆಕ್ಕ ಅವರ ಕೈಗೆ ಸಿಕ್ಕಿತು. ಸಣ್ಣಗೆ ಹುಟ್ಟಿದವರೇ ಮುಂದೆ ಹೆಚ್ಚಾಗಿ ಹೃದಯಾಘಾತದಿಂದ ಸಾಯುತ್ತಿದ್ದರು. ಬಸಿರಿನಲ್ಲಿ ಪೋಷಣೆ ಸಾಲದಾದಾಗ ದೇಹ ಮಾಡಿಕೊಳ್ಳುವ ಹೊಂದಾಣಿಕೆ ಬದುಕಿಡೀ ಉಳಿದು ಸಕ್ಕರೆ ಕಾಯಿಲೆಗೂ ದಾರಿ ಮಾಡುತ್ತದೆ ಎಂದು 1992ರಲ್ಲಿ ಬಾರ್ಕರ್ ಮತ್ತು ನಿಕ್ ಹೇಲ್ಸ್ ವಾದಿಸಿದರು.

ಈ ವಾದಕ್ಕೆ ಭಾರತದ ಪುರಾವೆ ಒದಗಿಸಿದ್ದು ಮೈಸೂರು. ಊರವರು ಮಿಷನ್ ಆಸ್ಪತ್ರೆ ಎಂದೇ ಕರೆಯುವ ಹೋಲ್ಡ್ಸ್‌ವರ್ತ್ ಮೆಮೋರಿಯಲ್ ಆಸ್ಪತ್ರೆಯಲ್ಲಿ 1934ರಿಂದ ಹೆರಿಗೆಯ ದಾಖಲೆಗಳು ಜೋಪಾನವಾಗಿದ್ದವು. ಸೌತಾಂಪ್ಟನ್ನಿನ ಕ್ಯಾರೊಲಿನ್ ಫಾಲ್ ಮತ್ತು ಅವರ ಸಂಗಡಿಗರು ಅಲ್ಲಿ ಹುಟ್ಟಿ ದೊಡ್ಡವರಾದ 517 ಮಂದಿಯನ್ನು ಹುಡುಕಿ ಪರೀಕ್ಷಿಸಿದರು. ಎರಡೂವರೆ ಕಿಲೋಗಿಂತ ಕಡಿಮೆ ತೂಗಿದ್ದವರಲ್ಲಿ ಹೃದ್ರೋಗ ಶೇ. 11, ಮೂರು ಕಿಲೋ ದಾಟಿ ಹುಟ್ಟಿದವರಲ್ಲಿ ಶೇ. 3 ಎಂದು 1996ರಲ್ಲಿ ಪ್ರಕಟಿಸಿದರು. ಸಕ್ಕರೆ ಕಾಯಿಲೆ ಮಾತ್ರ ಬೇರೆ ಕಥೆ ಹೇಳಿತು. ಅದು ಹೆಚ್ಚಾಗಿ ಕಂಡದ್ದು ಹುಟ್ಟುವಾಗ ಗಿಡ್ಡಗಿದ್ದು ಉದ್ದಕ್ಕೆ ಮೀರಿ ತೂಗಿದ್ದವರಲ್ಲಿ. ಅವರ ತಾಯಂದಿರ ತೂಕವೂ ಹೆಚ್ಚಿತ್ತು. ಬಾರ್ಕರ್ ಹೇಳಿದ್ದನ್ನು ಮೈಸೂರು ಹಾಗೆಯೇ ಒಪ್ಪಲಿಲ್ಲ. ನನಗೆ ಈ ಅಧ್ಯಯನ ದೊಡ್ಡದಾಗಿ ಕಾಣುವುದು ಆ ಕಾರಣಕ್ಕೆ. ದಶಕಗಳ ಕಾಲ ಶಿಶುಗಳನ್ನು ತೂಗಿ, ಅಳೆದು, ಬರೆದಿಟ್ಟ ಹೆಸರಿಲ್ಲದ ದಾದಿಯರಿಗೆ ಈ ವಿಜ್ಞಾನ ಋಣಿ.

ಹಳೆಯ ಕಡತ ಹುಟ್ಟಿದ ಮಗುವಿನ ಬಗ್ಗೆ ಹೇಳುತ್ತದೆ, ತಾಯಿ ಏನು ಉಂಡಳು ಎಂದು ಹೇಳುವುದಿಲ್ಲ. ಅದಕ್ಕಾಗಿ ಯಾಜ್ಞಿಕ್ 1993ರಲ್ಲಿ ಪುಣೆ ಸುತ್ತಲಿನ ಆರು ಹಳ್ಳಿಗಳಿಗೆ ಹೋದರು. ಅಲ್ಲಿನ ಹೆಂಗಸರು ಬಸಿರಾಗುವ ಮುನ್ನ ಸರಾಸರಿ ಸುಮಾರು 42 ಕಿಲೋ ತೂಗುತ್ತಿದ್ದರು. ಮಕ್ಕಳ ತೂಕ ಸುಮಾರು 2.7 ಕಿಲೋ, ಅದೇ ಸೌತಾಂಪ್ಟನ್ನಿನಲ್ಲಿ 3.5. ಹಳ್ಳಿಯ ಕೂಸುಗಳಲ್ಲಿ ಮಾಂಸಖಂಡ ಕಡಿಮೆ, ಹೊಟ್ಟೆಯೊಳಗಿನ ಅಂಗಗಳೂ ಸಣ್ಣ. ಚರ್ಮದಡಿಯ ಕೊಬ್ಬು ಮಾತ್ರ ಅಷ್ಟಾಗಿ ಕುಗ್ಗಿರಲಿಲ್ಲ. ಸೊರಗಿದ ಕೂಸಿನಲ್ಲೂ ಕೊಬ್ಬು! ಸ್ಥೂಲಕಾಯ ಎಂದರೆ ಹೆಚ್ಚು ತಿಂದವರ ತಪ್ಪು ಎನ್ನುವ ನಂಬಿಕೆಗೆ ಇದಕ್ಕಿಂತ ಬಲವಾದ ಉತ್ತರ ನಾನು ಕಂಡಿಲ್ಲ.

ತಾಯಿ ತಿಂದ ಒಟ್ಟು ಕ್ಯಾಲೊರಿಗೂ ಮಗುವಿನ ಗಾತ್ರಕ್ಕೂ ನಂಟು ಕಾಣಲಿಲ್ಲ. ಸೊಪ್ಪು, ಹಣ್ಣು, ಹಾಲಿಗೆ ಕಂಡಿತು. ಸುಮಾರು ಮೂರನೇ ಎರಡರಷ್ಟು ತಾಯಂದಿರಲ್ಲಿ ವಿಟಮಿನ್ ಬಿ12 ಕೊರತೆಯಿತ್ತು. ಬಿ12 ಕಡಿಮೆ, ಫೋಲೇಟ್ ಹೆಚ್ಚು ಇದ್ದ ತಾಯಂದಿರ ಮಕ್ಕಳಲ್ಲಿ ಆರನೇ ವಯಸ್ಸಿಗೆ ಇನ್ಸುಲಿನ್ ಪ್ರತಿರೋಧ (ಸಕ್ಕರೆ ಕಾಯಿಲೆಯ ಮುನ್ಸೂಚನೆ) ಎಲ್ಲರಿಗಿಂತ ಹೆಚ್ಚಿತ್ತು ಎಂದು 2008ರ ವರದಿ ಹೇಳಿತು.

ಆದರೆ ನಂಟು ಕಂಡ ಮಾತ್ರಕ್ಕೆ ಕಾರಣ ಸಿಕ್ಕಂತಲ್ಲ. ಅದನ್ನು ಒರೆಗೆ ಹಚ್ಚಲು ಕ್ಲಿನಿಕಲ್ ಟ್ರಯಲ್ ಬೇಕು. 2006ರಲ್ಲಿ ರಮೇಶ್ ಪೋತದಾರ್ ಅವರ ನೇತೃತ್ವದಲ್ಲಿ ಮುಂಬೈನ ಕೊಳೆಗೇರಿಗಳಲ್ಲಿ ಅಂಥದೊಂದು ಶುರುವಾಯಿತು. ಫಾಲ್, ಯಾಜ್ಞಿಕ್ ಜೊತೆಗಿದ್ದರು. ಆರು ಸಾವಿರಕ್ಕೂ ಹೆಚ್ಚು ಹೆಂಗಸರಲ್ಲಿ ಒಂದು ಗುಂಪಿಗೆ ಬಸಿರಾಗುವ ಮೊದಲಿಂದಲೇ ಸೊಪ್ಪು, ಹಣ್ಣು, ಹಾಲು ಬೆರೆಸಿದ ತಿಂಡಿ, ಇನ್ನೊಂದಕ್ಕೆ ಆಲೂಗಡ್ಡೆ, ಈರುಳ್ಳಿಯಂಥವುಗಳದ್ದು. ಒಟ್ಟಾರೆ ಲೆಕ್ಕದಲ್ಲಿ ಮಕ್ಕಳ ತೂಕ ಗಮನಾರ್ಹವಾಗಿ ಏರಲಿಲ್ಲ. ಅದನ್ನವರು ಮುಚ್ಚಿಡಲಿಲ್ಲ. ಗರ್ಭಧಾರಣೆಗೆ ಮೂರು ತಿಂಗಳ ಮೊದಲೇ ಶುರುಮಾಡಿದವರಲ್ಲಿ ಮಾತ್ರ ಸುಮಾರು 48 ಗ್ರಾಂ ಹೆಚ್ಚಿತು. ಆದರೆ ಬಸಿರಿನ ಕಾಲದ ಸಕ್ಕರೆ ಕಾಯಿಲೆ ಆಲೂಗಡ್ಡೆ ತಿಂಡಿಯ ಗುಂಪಿನಲ್ಲಿ ಶೇ. 12.4 ಇದ್ದರೆ ಸೊಪ್ಪು-ಹಣ್ಣಿನ ಗುಂಪಿನಲ್ಲಿ ಶೇ. 7.3 ಮಾತ್ರ ಇತ್ತು. ಮಾತ್ರೆಯಿಂದಲ್ಲ, ತಿಂಡಿಯಿಂದ.

ಯಾಜ್ಞಿಕ್ ಇನ್ನೂ ಹಿಂದಕ್ಕೆ ಹೋದರು. 1990ರ ದಶಕದಲ್ಲಿ ಅದೇ ಆರು ಹಳ್ಳಿಗಳಲ್ಲಿ ಹುಟ್ಟಿದ್ದ ಮಕ್ಕಳು ಹದಿಹರೆಯಕ್ಕೆ ಬಂದಾಗ, 2012ರಿಂದ, ಅವರಿಗೆ ದಿನಕ್ಕೆ ಎರಡು ಮೈಕ್ರೋಗ್ರಾಂ ಬಿ12 ಕೊಡುವ ಪ್ರಯೋಗ ನಡೆಯಿತು. ಮುಂದೆ ಅವರು ತಾಯಂದಿರಾದಾಗ, ಬರೀ ಬಿ12 ಪಡೆದಿದ್ದವರ ಮಕ್ಕಳು ಎರಡು ವರ್ಷದ ಹೊತ್ತಿಗೆ ಗ್ರಹಿಕೆ ಮತ್ತು ಮಾತಿನಲ್ಲಿ ಅದನ್ನು ಪಡೆಯದವರ ಮಕ್ಕಳಿಗಿಂತ ಮುಂದಿದ್ದರು.

ನಮ್ಮ ಶಾಲೆಗಳಲ್ಲಿ ಹುಡುಗಿಯರಿಗೆ ವಾರಕ್ಕೊಮ್ಮೆ ಕಬ್ಬಿಣ ಮತ್ತು ಫೋಲಿಕ್ ಆಮ್ಲದ (ಫೋಲೇಟ್) ಮಾತ್ರೆ ಕೊಡುತ್ತಾರೆ. ಅದರಲ್ಲಿ ಬಿ12 ಇಲ್ಲ. ಸೇರಿಸಬೇಕೇ ಎಂಬ ಪ್ರಶ್ನೆಯನ್ನು ಆರೋಗ್ಯ ಇಲಾಖೆಗಳು ಇನ್ನು ತಡಮಾಡದೆ ಕೈಗೆತ್ತಿಕೊಳ್ಳಲಿ. ಮನೆಯಲ್ಲಿ ಹೆಣ್ಣುಮಗಳಿದ್ದವರು ಅವಳ ತಟ್ಟೆಗೆ ಸೊಪ್ಪು, ಹಣ್ಣು, ಹಾಲು-ಮೊಸರು ಬೀಳುತ್ತಿದೆಯೇ ಎಂದು ಇವತ್ತೇ ನೋಡಿ.