ಗಡಿಸೀಮೆಯ ಆಣೆಕಲ್ಲು ಮಳೆ: ಅಂದು ಮತ್ತು ಇಂದು

ಮನೂರು, ನಾರಾಯಣಖೇಡ, ಜಹೀರಾಬಾದ್, ತಾಂಡೂರುಗಳ ನಮ್ಮ ಸೀಮೆಗೆ ಹಿಮಪಾತದ ಪರಿಚಯವಿಲ್ಲ. ಚಳಿಯೇನೋ ಇಲ್ಲಿ ಕಟುವಾದುದೇ. ಕೋಹೀರಿನ ಬಯಲಿನಲ್ಲಿ ಚಳಿಗಾಲದ ಬೆಳಗಿನ ಉಷ್ಣಾಂಶ 10 ಡಿಗ್ರಿಗಿಂತ ಕೆಳಗಿಳಿಯುವುದುಂಟು. ಆದರೆ ಇಲ್ಲಿ ನೆಲ ಬೆಳ್ಳಗಾಗುವುದು ಚಳಿ ಕಳೆದು ಬಿಸಿಲೇರುವ ಹೊತ್ತಿನಲ್ಲಿ, ಆಣೆಕಲ್ಲು ಮಳೆಯಿಂದ. 2023ರ ಮಾರ್ಚ್ 16ರಂದು ಜಹೀರಾಬಾದಿನ ಸುತ್ತಮುತ್ತ ಹಾಗೂ ವಿಕಾರಾಬಾದ್ ಜಿಲ್ಲೆಯ ಮರ್ಪಲ್ಲಿಯ ಕಡೆ ರಸ್ತೆ, ಹೊಲಗಳೆಲ್ಲ ಬಿಳಿಯ ಹಾಸು ಹೊದ್ದವು. ಆ ಚಿತ್ರಗಳನ್ನು ಮೊಬೈಲಿನಲ್ಲಿ ಕಂಡವರು ಕಾಶ್ಮೀರವೇ ಇಳಿದು ಬಂದಿತೆಂದು ಬೆರಗಾದರು. ಹೊಲದ ಒಡೆಯರಿಗೆ ಮಾತ್ರ ಅದು ಒಂದು ಹಂಗಾಮಿನ ದುಡಿಮೆ ಮಣ್ಣುಪಾಲಾದ ದಿನವಾಗಿತ್ತು.

ಅನೇಕ ಭಾಷೆಗಳು ಕೂಡುವ ಈ ನಾಡಿನಲ್ಲಿ ಈ ವಿಪತ್ತಿಗೆ ಹೆಸರುಗಳೂ ಅನೇಕ. ಕನ್ನಡಿಗರು ಆಣೆಕಲ್ಲು, ಆಲಿಕಲ್ಲು ಎಂದರೆ ತೆಲುಗರಿಗೆ ಅದು ವಡಗಂಡ್ಲು, ಮರಾಠಿಗರಿಗೆ ಗಾರಾ. ಕಾರಣ ಒಂದೇ. ಶಿವರಾತ್ರಿ ಕಳೆದು ಯುಗಾದಿ ಸಮೀಪಿಸುವ ದಿನಗಳಲ್ಲಿ ನೆಲ ಕಾದು ತೇವಭರಿತ ಗಾಳಿ ವೇಗವಾಗಿ ಮೇಲೇರುತ್ತದೆ; ಎತ್ತರದಲ್ಲಿ ಶೀತಲ ಗಾಳಿ ಬೀಸುತ್ತಿರುತ್ತದೆ. ಮೋಡದೊಳಗೆ ಹೆಪ್ಪುಗಟ್ಟಿದ ಹನಿಯ ಮೇಲೆ ಪದರಪದರವಾಗಿ ಮಂಜುಗಡ್ಡೆ ಬೆಳೆದು, ಮೇಲೇರುವ ಗಾಳಿಯೂ ಅದರ ಭಾರ ಹೊರಲಾರದಾದಾಗ ಅದು ಕೆಳಗೆ ಬೀಳುತ್ತದೆ. ಆ ಏಟು ಪ್ರಾಣವನ್ನೂ ತೆಗೆಯಬಲ್ಲುದು: 1888ರ ಏಪ್ರಿಲ್ 30ರಂದು ಉತ್ತರ ಭಾರತದ ಮೊರಾದಾಬಾದಿನಲ್ಲಿ 246 ಜನ ಆಲಿಕಲ್ಲಿಗೆ ಬಲಿಯಾದರು.

ಹಿಂಗಾರಿ ಜೋಳದ ತೆನೆ ಬಲಿತು ಕೊಯ್ಲಿಗೆ ಬರುವುದೂ ಇದೇ ಕಾಲ. ಮುರಿದ ದಂಟು ಮತ್ತೆ ನಿಲ್ಲದು. ನೆನೆದ ಕಾಳು ಕಪ್ಪಾಗುತ್ತದೆ. ಬೀಳುವ ಕಲ್ಲನ್ನು ತಡೆಯುವ ಉಪಾಯ ಹಿರಿಯರಲ್ಲಿಯೂ ಇರಲಿಲ್ಲ. ಹೊಲದಲ್ಲಿ ಸಿಕ್ಕಿಬಿದ್ದವನಿಗೆ ದಖನಿ ಕುರಿಯ ಒರಟು ಉಣ್ಣೆಯಿಂದ ನೇಯ್ದ ಕಂಬಳಿಯ ಕೊಪ್ಪೆಯೇ ಆಸರೆ. ಬೆಳೆಯ ವಿಷಯದಲ್ಲಿ ಅವರ ಜಾಣ್ಮೆ ಬೇರೆ ಬಗೆಯದು: ಎಲ್ಲವನ್ನೂ ಒಂದೇ ಬೆಳೆಗೆ ಒಪ್ಪಿಸುತ್ತಿರಲಿಲ್ಲ. ಮುಂಗಾರಿನಲ್ಲಿ ಬಿತ್ತಿದ ತೊಗರಿ ಸಂಕ್ರಾಂತಿಯ ಆಸುಪಾಸಿನಲ್ಲಿ ಮನೆ ಸೇರುತ್ತಿತ್ತು. ಹಿಂಗಾರಿಯಲ್ಲಿ ಜೋಳದೊಡನೆ ಕಡಲೆ, ಕುಸುಬೆಗಳಿಗೂ ಹೊಲದಲ್ಲಿ ಪಾಲಿತ್ತು. ಸುಗ್ಗಿ ಚೆನ್ನಾದ ವರುಷದ ಜೋಳ ನೆಲದೊಳಗಿನ ಹಗೇವಿನಲ್ಲಿ ಕೆಟ್ಟ ವರುಷಕ್ಕೆ ಉಳಿಯುತ್ತಿತ್ತು. ಅಂದಿನ ಬೆಳೆವಿಮೆ ಇದೇ. ಆದರೆ ಸ್ವಂತ ನೆಲವಿಲ್ಲದವನಿಗೆ ಹಗೇವೂ ಇರಲಿಲ್ಲ. ಕೊಯ್ಲು ಕೆಟ್ಟರೆ ಅವನಿಗೆ ಕೂಲಿಯೂ ಇಲ್ಲ, ಕಾಳೂ ಇಲ್ಲ. ಹಳೆಯ ಕಾಲವನ್ನು ಹೊಗಳುವಾಗ ಈ ಮಾತನ್ನು ಮರೆಯಲಾಗದು.

1956ರ ನವೆಂಬರ್ 1ರಂದು ಹೈದರಾಬಾದ್ ರಾಜ್ಯ ವಿಂಗಡಣೆಯಾಯಿತು. ಬೀದರ ಜಿಲ್ಲೆಯ ನಾರಾಯಣಖೇಡ, ಜಹೀರಾಬಾದ್ ತಾಲ್ಲೂಕುಗಳು, ನ್ಯಾಲಕಲ್ ವೃತ್ತ, ಗುಲ್ಬರ್ಗಾ ಜಿಲ್ಲೆಯ ತಾಂಡೂರು, ಕೊಡಂಗಲ್ ತಾಲ್ಲೂಕುಗಳು ಆಂಧ್ರಪ್ರದೇಶದ ಪಾಲಾದವು. ಜಹೀರಾಬಾದ್ ತಾಲ್ಲೂಕಿನ ನಿರ್ಣಾ ವೃತ್ತ ಮಾತ್ರ ಮೈಸೂರು ರಾಜ್ಯಕ್ಕೆ ಬಂದಿತು. ಹೀಗೆ ಒಂದೇ ತಾಲ್ಲೂಕಿನ ನೆರೆಹೊರೆಯ ಹೊಲಗಳು ಎರಡು ರಾಜ್ಯಗಳಿಗೆ ಸೇರಿದವು. ಮೋಡಕ್ಕೆ ಈ ಗೆರೆ ಕಾಣದು. 2014ರ ಫೆಬ್ರುವರಿ ಕೊನೆಯಲ್ಲಿ ಆರಂಭವಾಗಿ ಮಾರ್ಚ್ ತಿಂಗಳಲ್ಲಿಯೂ ಮುಂದುವರಿದ ಆಲಿಕಲ್ಲು ಮಳೆ ಮಹಾರಾಷ್ಟ್ರ, ಉತ್ತರ ಕರ್ನಾಟಕ, ತೆಲಂಗಾಣಗಳ ಬೆಳೆಯನ್ನು ಭೇದವಿಲ್ಲದೆ ಬಡಿಯಿತು.

ಭೇದವಿರುವುದು ಪರಿಹಾರದಲ್ಲಿ. 2016ರಲ್ಲಿ ಜಾರಿಗೆ ಬಂದ ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆ ಆಲಿಕಲ್ಲಿನ ಹಾನಿಯನ್ನೂ ಒಳಗೊಂಡಿದೆ. ಹಿಂಗಾರಿ ಧಾನ್ಯಗಳಿಗೆ ರೈತನ ಕಂತು ವಿಮಾ ಮೊತ್ತದ ನೂರಕ್ಕೆ ಒಂದೂವರೆ. ಹಾನಿಯಾದ 72 ಗಂಟೆಗಳೊಳಗೆ ತಿಳಿಸಬೇಕು. ಕರ್ನಾಟಕ ಅದರಲ್ಲಿ ಮುಂದುವರಿಯಿತು; ತೆಲಂಗಾಣ 2020ರಲ್ಲಿ ಹೊರಬಂದಿತು. 2023ರ ಮಾರ್ಚ್ ಹಾನಿಯ ಬಳಿಕ ಅಲ್ಲಿನ ಸರ್ಕಾರ ಎಕರೆಗೆ 10,000 ರೂಪಾಯಿ ಘೋಷಿಸಿ, ಗೇಣಿದಾರರಿಗೂ ಅದು ಮುಟ್ಟಬೇಕೆಂದಿತು. ಹೀಗೆ ಒಂದೇ ಬಳಗದ ಇಬ್ಬರಲ್ಲಿ ಗೆರೆಯ ಆಚೆಯವನು ವಿಮಾ ಕಂತಿನ ರಸೀದಿ ಹುಡುಕಿದರೆ, ಈಚೆಯವನು ಸರ್ಕಾರದ ಘೋಷಣೆಗೆ ಕಾಯಬೇಕಾಯಿತು.

ಇಂದು ಮುನ್ಸೂಚನೆ ಕೈಯಲ್ಲಿರುವ ಮೊಬೈಲಿಗೇ ಬರುತ್ತದೆ. ಜನ, ದನಕರುಗಳನ್ನು ಸೂರಿನಡಿಗೆ ತರಲು ಅದು ನೆರವಾದೀತು. ನಿಂತ ಬೆಳೆಯನ್ನು ಅದು ಉಳಿಸಲಾರದು. ಆದ್ದರಿಂದ ಹಿರಿಯರ ಬೆಳೆ ಹಂಚಿಕೆಯ ಕ್ರಮ ಇಂದಿಗೂ ಬೇಕಾಗಿದೆ. ಜಹೀರಾಬಾದ್ ಬಳಿಯ ಪಸ್ತಾಪುರದಲ್ಲಿ ನೆಲೆಸಿ, 1983ರಲ್ಲಿ ಆರಂಭವಾದ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯ ದಲಿತ ಮಹಿಳೆಯರು ಸಿರಿಧಾನ್ಯಗಳನ್ನೂ ಮಿಶ್ರಬೆಳೆಯನ್ನೂ ಬೀಜಭಂಡಾರಗಳನ್ನೂ ಉಳಿಸಿಕೊಂಡು ಬಂದು, 2019ರ ಈಕ್ವೇಟರ್ ಪ್ರಶಸ್ತಿಗೆ ಪಾತ್ರರಾಗಿದ್ದಾರೆ. ಒಂದು ಕಾಲಕ್ಕೆ ಹಗೇವಿಲ್ಲದ ಮನೆಗಳ ಹೆಣ್ಣುಮಕ್ಕಳು ಇಂದು ಬೀಜದ ಒಡತಿಯರಾಗಿರುವುದು ಈ ಚರಿತ್ರೆಯ ಮಹತ್ವದ ತಿರುವು.

ನಮ್ಮ ಸಂಘಗಳಿಗೂ ಇಲ್ಲಿ ಕೆಲಸವಿದೆ. ಯಾವ ವರುಷ, ಯಾವ ಊರಿನಲ್ಲಿ ಕಲ್ಲು ಬಿದ್ದಿತು, ಯಾವ ಬೆಳೆ ಉಳಿಯಿತು ಎಂಬ ವಿವರ ಹಿರಿಯರ ನೆನಪಿನಲ್ಲಿದೆ. ಮನೆಯ ಮಕ್ಕಳು ಅದನ್ನು ಅಜ್ಜಿ, ಮುತ್ತ್ಯಾರಿಂದ ಕೇಳಿ ಕನ್ನಡದಲ್ಲಿ ಬರೆದಿಡಲಿ. ಮುಂದಿನ ಆಣೆಕಲ್ಲು ಬೀಳುವ ಮುನ್ನ ಗೆರೆಯ ಎರಡೂ ಕಡೆಯ ಪರಿಹಾರದ ನಿಯಮಗಳನ್ನು ಕನ್ನಡದಲ್ಲಿ ಮನೆಮನೆಗೆ ತಿಳಿಸುವ ಹೊಣೆಯನ್ನು ಸಂಘಗಳು ಹೊರಲಿ.