ಗುಟ್ಟಿಗೆ ಎಷ್ಟು ಹೆಸರು?

ಕಳೆದ ವಾರ ಸಿದ್ಧಾರ್ಥನಗರದ ನಮ್ಮ ಮನೆಯ ಜಗಲಿಯಲ್ಲಿ ಮೊಮ್ಮಗಳು ಇಂಗ್ಲಿಷ್ ಪದಗಳ ಪಟ್ಟಿಯೊಂದನ್ನು ಉರು ಹೊಡೆಯುತ್ತಿದ್ದಳು: ಸೀಕ್ರೆಟ್, ಕವರ್ಟ್, ಕ್ಲಾಂಡೆಸ್ಟೈನ್, ಲೇಟೆಂಟ್. ನಾಲ್ಕರ ಮುಂದೆಯೂ ‘ಗುಪ್ತವಾದ’ ಎಂಬ ಒಂದೇ ಅರ್ಥ. ನನಗೆ ಹಳೆಯ ತಪ್ಪೊಂದು ನೆನಪಾಯಿತು. ತರಗತಿಯಲ್ಲಿ ನಾನೂ ಹೀಗೆಯೇ ಬರೆಯಿಸುತ್ತಿದ್ದೆ. ಒಮ್ಮೆ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು, “ಸಾರ್, ಅರ್ಥ ಒಂದೇ ಆದರೆ ಇಷ್ಟೊಂದು ಪದ ಯಾಕೆ?” ಎಂದು ಕೇಳಿದ. ಉತ್ತರ ತಿಳಿಯದ ನಾನು ಗದರಿಸಿ ಕೂರಿಸಿದೆ. ಆ ವರ್ಷ ಅವನು ಮತ್ತೆ ಬಾಯಿ ತೆರೆಯಲಿಲ್ಲ.

ಉತ್ತರ ನಮ್ಮ ಮೈಸೂರಿನಲ್ಲೇ ಇತ್ತು. 1891ರಲ್ಲಿ ಸ್ಥಾಪನೆಯಾದ ಓರಿಯಂಟಲ್ ಲೈಬ್ರರಿಗೆ (ಇಂದಿನ ಪ್ರಾಚ್ಯವಿದ್ಯಾ ಸಂಶೋಧನಾಲಯ) ತಂಜಾವೂರು ಕಡೆಯ ಪಂಡಿತರೊಬ್ಬರು ಒಪ್ಪಿಸಿದ ಗ್ರಂಥಲಿಪಿಯ ತಾಳೆಗರಿಗಳಲ್ಲಿ ಆರ್. ಶಾಮಶಾಸ್ತ್ರಿಗಳು ಕೌಟಿಲ್ಯನ ಅರ್ಥಶಾಸ್ತ್ರವನ್ನು ಗುರುತಿಸಿದರು. 1909ರಲ್ಲಿ ಸಂಸ್ಕೃತ ಮೂಲವನ್ನೂ 1915ರಲ್ಲಿ ಇಂಗ್ಲಿಷ್ ಅನುವಾದವನ್ನೂ ಪ್ರಕಟಿಸಿದರು. ಅದರ ಮೊದಲ ಅಧಿಕರಣದಲ್ಲೇ ‘ಗೂಢಪುರುಷ’ರು, ಅಂದರೆ ಬೇಹುಗಾರರು, ಬರುತ್ತಾರೆ: ಕಾಪಟಿಕ, ಉದಾಸ್ಥಿತ, ಗೃಹಪತಿಕ, ವೈದೇಹಕ, ತಾಪಸ, ಸತ್ರಿ, ತೀಕ್ಷ್ಣ, ರಸದ, ಭಿಕ್ಷುಕಿ ಎಂದು ಒಂಬತ್ತು ಬಗೆ. ಇವರಿಗೆಲ್ಲ ‘ಗೂಢಚಾರ’ ಎಂಬ ಒಂದೇ ಹೆಸರು ಕೌಟಿಲ್ಯನಿಗೆ ಸಾಲಲಿಲ್ಲ. ಒಬ್ಬೊಬ್ಬರು ಮರೆಯಾಗುವ ರೀತಿ ಒಂದೊಂದು.

ಇಂಗ್ಲಿಷ್ ಪದಗಳ ಕಥೆಯೂ ಇದೇ. ವೈದೇಹಕನು ವರ್ತಕನ ವೇಷದಲ್ಲಿ ಎಲ್ಲರ ಕಣ್ಣೆದುರಿಗೇ ಇರುತ್ತಾನೆ. ಮುಸುಕು ಬಿದ್ದಿರುವುದು ಅವನ ಉದ್ದೇಶಕ್ಕೆ. ಅದು ಕವರ್ಟ್. ಮಂತ್ರಾಲೋಚನೆ ಗಿಳಿ, ಗೊರವಂಕಗಳ ಕಿವಿಗೂ ಬೀಳಬಾರದೆಂದು ಕೌಟಿಲ್ಯ ಎಚ್ಚರಿಸುತ್ತಾನೆ; ಹಾಗೆ ಇತರರಿಂದ ಬೇರ್ಪಡಿಸಿ ಇಟ್ಟದ್ದು ಸೀಕ್ರೆಟ್. ಆ ಪದದ ಲ್ಯಾಟಿನ್ ಮೂಲದ ಅರ್ಥವೂ ‘ಬೇರ್ಪಡಿಸು’ ಎಂದೇ. ಒಪ್ಪಿಗೆಯಿಲ್ಲದ ಕೆಲಸವನ್ನು ಕದ್ದುಮುಚ್ಚಿ ಮಾಡುವುದು ಕ್ಲಾಂಡೆಸ್ಟೈನ್.

ಇನ್ನು ಲೇಟೆಂಟ್? ಅದಕ್ಕೆ ಆ ತಾಳೆಗರಿಯ ಕಟ್ಟೇ ಉದಾಹರಣೆ. ದಂಡಿ, ಬಾಣರು ಬಲ್ಲ ಗ್ರಂಥವದು. ಅದನ್ನು ಯಾರೂ ಬಚ್ಚಿಡಲಿಲ್ಲ. ತಲೆಮಾರುಗಳು ಪ್ರತಿ ಮಾಡಿ ಕಾಪಾಡಿದ್ದವು. ‘ಗುಪ್ತ’ ಎಂಬ ಪದದ ಮೂಲಾರ್ಥವೂ ‘ಕಾಪಾಡಲ್ಪಟ್ಟದ್ದು’ ಎಂದೇ ಅಲ್ಲವೇ? ಗುರುತಿಸಿ ಓದುವ ಕಣ್ಣೊಂದು ಬೀಳುವವರೆಗೆ ಅದು ಸುಮ್ಮನೆ ಅಡಗಿತ್ತು, ಅಷ್ಟೆ.

ಮೊಮ್ಮಗಳು ಈಗ ತನ್ನ ಪಟ್ಟಿಯನ್ನು ತಿದ್ದಿದ್ದಾಳೆ: ರಹಸ್ಯ, ಮರೆಮಾಚಿದ, ಕದ್ದುಮುಚ್ಚಿ ಮಾಡಿದ, ಸುಪ್ತ. ನನ್ನ ವಿದ್ಯಾರ್ಥಿಗಳಲ್ಲಿ ಅನೇಕರು ಇಂದು ಶಿಕ್ಷಕರಾಗಿದ್ದೀರಿ. ತರಗತಿಯಲ್ಲಿ ಸುಪ್ತವಾಗಿರುವುದು ಪದಗಳ ಅರ್ಥ ಮಾತ್ರವಲ್ಲ, ಮಕ್ಕಳ ಪ್ರಶ್ನೆಗಳೂ ಹೌದು. ಗದರಿಸಿದರೆ ಅವು ಮತ್ತೆ ಮೇಲೇಳುವುದಿಲ್ಲ. ಆ ಹಿಂದಿನ ಬೆಂಚಿನ ಹುಡುಗ ಇದನ್ನು ಓದುತ್ತಿದ್ದರೆ ದಯವಿಟ್ಟು ಕ್ಷಮಿಸಲಿ. ಅವನಿಗೆ ಅಂದೇ ಸಲ್ಲಬೇಕಾಗಿದ್ದ ಉತ್ತರವಿದು.